ಬಳ್ಳಾರಿಯ ಮತ, ಬಳ್ಳಾರಿಯ ಮಣ್ಣು

(ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ದಿನದ ದುಡಿಮೆ ಮುಗಿಸಿ, ಕೆಲವರು ಪಿಂಪ್ರಿ-ಭೋಸರಿಗಳಿಂದ, ಕೆಲವರು ಹಡಪ್ಸರದ ಕಡೆಯಿಂದ ಎರಡೆರಡು ಬಸ್ಸು ಬದಲಾಯಿಸಿ ಇಲ್ಲಿಗೆ ಬಂದಿದ್ದೀರಿ. ಚುನಾವಣೆಯ ವಿಷಯವಾಗಿ ಎರಡು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಚುನಾವಣೆ ಎಂದ ಕೂಡಲೆ ನಾವು ಪಕ್ಷ ಪಕ್ಷವಾಗಿ ಬೇರೆ ಬೇರೆ ಬೆಂಚಿನ ಮೇಲೆ ಕುಳಿತುಬಿಡುವ ರೂಢಿಯುಂಟು. ಇಂದು ಆ ಕೆಲಸ ಬೇಡ. ಒಂದೇ ಒಂದು ಲೋಕಸಭಾ ಕ್ಷೇತ್ರವನ್ನು ಎದುರಿಗಿಟ್ಟುಕೊಂಡು, ಅಲ್ಲಿ ಮತ ಹೇಗೆ ಬೀಳುತ್ತದೆ, ಯಾರ ಹಣದಿಂದ ಬೀಳುತ್ತದೆ, ಬಿದ್ದ ಮೇಲೆ ಮತದಾರನಿಗೆ ಏನು ಉಳಿಯುತ್ತದೆ ಎಂಬುದನ್ನು ನೋಡೋಣ. ಕೊನೆಗೆ, ಊರು ಬಿಟ್ಟು ಬಂದ ನಮ್ಮ ನಿಮ್ಮ ಮತದ ಗತಿಯೇನು ಎಂಬುದನ್ನೂ ಯೋಚಿಸೋಣ.

ಆ ಕ್ಷೇತ್ರ ಬಳ್ಳಾರಿ. ನಮ್ಮಲ್ಲಿ ಕಲಬುರ್ಗಿಯವರಿದ್ದೀರಿ, ಯಾದಗಿರಿ, ವಿಜಯಪುರ, ಬಾಗಲಕೋಟೆಯವರಿದ್ದೀರಿ. ಬಳ್ಳಾರಿಯ ಕಥೆ ನಮಗೇಕೆ ಎಂದು ಕೇಳಬೇಡಿ. ಹಳ್ಳಿಗಾಡಿನ ರಾಜಕೀಯದ ಗುಣದೋಷಗಳೆಲ್ಲ ಅಲ್ಲಿ ಎದ್ದು ಕಾಣುತ್ತವೆ. ಪುಣೆಯವರಿಗಂತೂ ಆ ನಾಡು ತೀರ ಪರಕೀಯವಲ್ಲ. ಘೋರ್ಪಡೆ ಎಂಬ ಹೆಸರು ಇಲ್ಲಿ ಯಾರಿಗೆ ಗೊತ್ತಿಲ್ಲ? ಅದೇ ಘೋರ್ಪಡೆ ಮನೆತನದ ಒಂದು ಕವಲು ಬಳ್ಳಾರಿಯ ಮಗ್ಗುಲಲ್ಲಿ ಸಂಡೂರು ಎಂಬ ಪುಟ್ಟ ಸಂಸ್ಥಾನವನ್ನು ಆಳುತ್ತಿತ್ತು. ಪುಣೆಯ ಎರಡನೆಯ ಬಾಜೀರಾಯ ಪೇಶ್ವೆಗೂ ಆ ಸೀಮೆಯ ಮೇಲೆ ಕಣ್ಣಿತ್ತು. ಸಂಸ್ಥಾನ 1949ರಲ್ಲಿ ಮದರಾಸು ಪ್ರಾಂತದೊಳಗೆ ಸೇರಿತು. ಆಂಧ್ರ ರಾಜ್ಯ ಹುಟ್ಟಿದ ದಿನವೇ, ಅಂದರೆ 1953ರ ಅಕ್ಟೋಬರ್ 1ರಂದು, ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದಲ್ಲಿ ಉಳಿದವು. ಹೀಗೆ ಹದಿನೈದು ವರ್ಷದೊಳಗೆ ಬ್ರಿಟಿಷರ ಆಳ್ವಿಕೆ, ಮದರಾಸು ಸರಕಾರ, ಮೈಸೂರು ಸರಕಾರ ಎಲ್ಲವನ್ನೂ ಕಂಡ ಜನ ಅವರು. ಸರಕಾರ ಬದಲಾದರೂ ಊರು ಬದಲಾಗುವುದಿಲ್ಲವೆಂಬ ಅನುಭವ ಅವರಿಗೆ ಮೊದಲೇ ಆಗಿತ್ತು.

ಈ ಕ್ಷೇತ್ರದ ವಿಸ್ತಾರ ಎಷ್ಟು? 2008ರ ಮರುವಿಂಗಡಣೆಯಂತೆ ಅದರೊಳಗೆ ಎಂಟು ವಿಧಾನಸಭಾ ಕ್ಷೇತ್ರಗಳಿವೆ: ಬಳ್ಳಾರಿ ನಗರ, ಬಳ್ಳಾರಿ ಗ್ರಾಮಾಂತರ, ಸಂಡೂರು, ಕಂಪ್ಲಿ, ವಿಜಯನಗರ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹೂವಿನಹಡಗಲಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಒಂದೇ ಕ್ಷೇತ್ರ ಎರಡು ಜಿಲ್ಲೆಗಳಲ್ಲಿ ಹರಡಿದಂತಾಯಿತು. ಬಳ್ಳಾರಿ ನಗರದಿಂದ ಹಡಗಲಿಗೆ ನೂರು ಕಿಲೋಮೀಟರಿಗೂ ಮೇಲೆ. ನಾವು ಇಲ್ಲಿಂದ ಸಾತಾರಕ್ಕೆ ಹೋದಂತೆ. 2024ರ ಚುನಾವಣೆಯಲ್ಲಿ ಮತದಾರರ ಸಂಖ್ಯೆ 18 ಲಕ್ಷವನ್ನು ದಾಟಿತ್ತು.

ಇದು ಒಂದೇ ಬಗೆಯ ನೆಲವೂ ಅಲ್ಲ. ತುಂಗಭದ್ರೆಯ ಕಾಲುವೆ ಹರಿದಲ್ಲಿ ಬತ್ತ, ಕಬ್ಬು. ಕೂಡ್ಲಿಗಿ, ಹಡಗಲಿಯ ಕಡೆ ಮಳೆಯನ್ನೇ ನಂಬಿದ ಜೋಳ, ಶೇಂಗಾ. ಮಳೆ ಕೈಕೊಟ್ಟ ವರ್ಷ ಗುಳೆ. ಸಂಡೂರು, ಹೊಸಪೇಟೆಯ ಗುಡ್ಡಗಳಲ್ಲಿ ಕಬ್ಬಿಣದ ಅದಿರು, ಮ್ಯಾಂಗನೀಸು. ಗದ್ದೆಯವನಿಗೆ ಕಾಲುವೆಯ ನೀರಿನ ಚಿಂತೆ, ಬೆದ್ದಲಿನವನಿಗೆ ಮಳೆಯ ಚಿಂತೆ, ಗುಡ್ಡದ ಕೂಲಿಗೆ ದಿನಗೂಲಿಯ ಚಿಂತೆ. ಈ ಮೂವರೂ ಸೇರಿ ಒಬ್ಬನೇ ಒಬ್ಬನನ್ನು ಆರಿಸಿ ದಿಲ್ಲಿಗೆ ಕಳಿಸಬೇಕು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮಲ್ಲಿ ಗುಮಾಸ್ತರು ಬಹಳ ಮಂದಿ, ಲೆಕ್ಕ ಬೇಸರ ತರಲಾರದು. 2022ರಲ್ಲಿ ನಿಗದಿಯಾದಂತೆ ದೊಡ್ಡ ರಾಜ್ಯಗಳಲ್ಲಿ ಲೋಕಸಭೆಯ ಉಮೇದುವಾರ ಮಾಡಬಹುದಾದ ವೆಚ್ಚ 95 ಲಕ್ಷ ರೂಪಾಯಿ. ಅದನ್ನು 18 ಲಕ್ಷ ಮತದಾರರಿಗೆ ಹಂಚಿದರೆ ತಲೆಗೆ ಐದು ರೂಪಾಯಿ ಚಿಲ್ಲರೆ. ಇಷ್ಟರಲ್ಲಿ ಪ್ರತಿ ಮನೆಗೂ ಒಂದು ಕರಪತ್ರ ಮುಟ್ಟಿಸುವುದೇ ಕಷ್ಟ. ಉಮೇದುವಾರನಿಗೆ ಸಿಗುವ ದಿನಗಳಲ್ಲಿ ಎಲ್ಲ ಹಳ್ಳಿಗಳಿಗೂ ಕಾಲಿಡುವುದು ಮನುಷ್ಯಮಾತ್ರನಿಂದ ಆಗದ ಕೆಲಸ. ಆದ್ದರಿಂದ ಅವನಿಗೂ ಮತದಾರನಿಗೂ ನಡುವೆ ಒಬ್ಬ ಬೇಕಾಗುತ್ತದೆ. ಆ ನಡುವಿನವನು ಯಾರು? ಕ್ಷೇತ್ರದ ಎಪ್ಪತ್ತು ವರ್ಷಗಳ ಇತಿಹಾಸವೆಂದರೆ ಈ ನಡುವಿನವನು ಬದಲಾಗುತ್ತ ಬಂದ ಇತಿಹಾಸ.

ಮೊದಲ ಮಹಾಚುನಾವಣೆ 1952ರದು. ಆಗ ಒಬ್ಬೊಬ್ಬ ಉಮೇದುವಾರನಿಗೂ ಬೇರೆ ಬೇರೆ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಚಿಹ್ನೆ. ಅಕ್ಷರ ಬಾರದ ರೈತನೂ ಜೋಡೆತ್ತನ್ನು ಗುರುತು ಹಿಡಿಯಬಲ್ಲವನಾಗಿದ್ದ. ಸ್ವಾತಂತ್ರ್ಯ ಹೋರಾಟದಲ್ಲಿ ಪಳಗಿದ ಟೇಕೂರು ಸುಬ್ರಹ್ಮಣ್ಯಂ ಅವರು 1952, 1957, 1962ರ ಮೂರು ಚುನಾವಣೆಗಳಲ್ಲೂ ಗೆದ್ದರು. ಅವರ ನಂತರ 1967ರಲ್ಲೂ 1971ರಲ್ಲೂ ಗೆದ್ದವರು ವಿ.ಕೆ.ಆರ್.ವಿ. ರಾವ್. ದಿಲ್ಲಿಯಲ್ಲಿ ಅರ್ಥಶಾಸ್ತ್ರದ ದೊಡ್ಡ ವಿದ್ಯಾಸಂಸ್ಥೆಯನ್ನು ಕಟ್ಟಿದ ಪಂಡಿತರು, ಕೇಂದ್ರದಲ್ಲಿ ಮಂತ್ರಿಗಳಾಗಿದ್ದವರು. ಆ ಕಾಲದ ನಡುವಿನವರು ಊರಿನ ಗೌಡರು, ಮಠಮಾನ್ಯಗಳ ಹಿರಿಯರು, ಜಾತಿಯ ಯಜಮಾನರು. ಕಟ್ಟೆಯ ಮೇಲೆ ಯಜಮಾನ ಒಂದು ಮಾತು ಹೇಳಿದರೆ ಕೇರಿಗೆ ಕೇರಿಯೇ ಒಂದು ಕಡೆ ಹೋಗುತ್ತಿತ್ತು. 1952ರಿಂದ 2000ದ ಉಪಚುನಾವಣೆಯವರೆಗೆ ಬಳ್ಳಾರಿಯ ಸ್ಥಾನ ಒಂದು ಸಲವೂ ಕಾಂಗ್ರೆಸ್ಸಿನ ಕೈ ತಪ್ಪಲಿಲ್ಲ. ಇದನ್ನು ಜನರ ನಿಷ್ಠೆ ಎನ್ನುವವರುಂಟು, ಯಜಮಾನರ ಹಿಡಿತ ಎನ್ನುವವರೂ ಉಂಟು. ಎರಡೂ ಇತ್ತೆಂದು ಹೇಳಿದರೆ ತಪ್ಪಾಗಲಾರದು.

ಗಣಿಗೂ ರಾಜಕೀಯಕ್ಕೂ ನಂಟು ನಿನ್ನೆ ಮೊನ್ನೆಯದಲ್ಲ ಎಂಬುದನ್ನೂ ಹೇಳಿಬಿಡಬೇಕು. ಸಂಡೂರಿನ ರಾಜಮನೆತನದವರೇ 1954ರಲ್ಲಿ ಮ್ಯಾಂಗನೀಸು ಮತ್ತು ಕಬ್ಬಿಣದ ಅದಿರಿನ ಕಂಪನಿಯನ್ನು ಸ್ಥಾಪಿಸಿದರು. ಅದೇ ಮನೆತನದ ಎಂ.ವೈ. ಘೋರ್ಪಡೆಯವರು ಶಾಸಕರಾಗಿ, ದೇವರಾಜ ಅರಸರ ಸಂಪುಟದಲ್ಲಿ ಹಣಕಾಸಿನ ಮಂತ್ರಿಗಳಾದರು. ಆರ್.ವೈ. ಘೋರ್ಪಡೆಯವರು 1980ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಹೋದರು. ಅರಮನೆ, ಗಣಿ, ಶಾಸನಸಭೆ ಮೂರಕ್ಕೂ ಒಂದೇ ದಾರಿ ಇತ್ತು. ಆದರೆ ಆಗ ಅದಿರಿನ ಬೆಲೆ ಸಾಧಾರಣ. ಗುಡ್ಡದ ಮಣ್ಣಿನಿಂದ ಒಂದು ಸರಕಾರವನ್ನೇ ಎತ್ತಬಹುದು, ಇಳಿಸಬಹುದು ಎಂಬ ಕಾಲ ಇನ್ನೂ ಬಂದಿರಲಿಲ್ಲ.

1999ರಲ್ಲಿ ಇಡೀ ದೇಶ ಬಳ್ಳಾರಿಯತ್ತ ತಿರುಗಿ ನೋಡಿತು. ಕಾಂಗ್ರೆಸ್ಸಿನಿಂದ ಸೋನಿಯಾ ಗಾಂಧಿ, ಭಾರತೀಯ ಜನತಾ ಪಕ್ಷದಿಂದ ಸುಷ್ಮಾ ಸ್ವರಾಜ್. ಸುಷ್ಮಾ ಅವರು ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಸಭೆಗಳಲ್ಲಿ ಮಾತನಾಡಿ ಜನರ ಮನ ಗೆದ್ದರು. ಮತ ಗೆದ್ದವರು ಸೋನಿಯಾ, 56,100ರ ಅಂತರದಿಂದ. ಆದರೆ ಅವರು ಅಮೇಠಿಯಲ್ಲೂ ಗೆದ್ದಿದ್ದರು. ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟರು. 2000ದಲ್ಲಿ ಮತ್ತೆ ಚುನಾವಣೆ. ಕೋಳೂರು ಬಸವನಗೌಡರು ಗೆದ್ದರು. ಕಾನೂನಿನಂತೆ ಎಲ್ಲವೂ ಸರಿಯೇ. ಆದರೆ ಬಿಸಿಲಿನಲ್ಲಿ ನಿಂತು ಮತ ಹಾಕಿದ ಹಳ್ಳಿಯವನ ಕಡೆಯಿಂದ ನೋಡಿ. ದೇಶದ ಅತಿ ದೊಡ್ಡ ಸ್ಪರ್ಧೆ ಅವನ ಊರಿನಲ್ಲಿ ನಡೆಯಿತು. ಗೆದ್ದವರು ಅವನ ಪ್ರತಿನಿಧಿಯಾಗಿ ಉಳಿಯಲಿಲ್ಲ. ಮದುವೆಯ ಚಪ್ಪರ ನಮ್ಮ ಅಂಗಳದಲ್ಲಿ, ಮದುಮಗಳು ಮಾತ್ರ ಬೇರೆ ಮನೆಗೆ. ಆ ಚುನಾವಣೆಯಿಂದ ಇನ್ನೊಂದು ಪರಿಣಾಮವೂ ಆಯಿತು. ಸುಷ್ಮಾ ಅವರ ಪರವಾಗಿ ಓಡಾಡಿದ ಕೆಲವು ಹೊಸ ಯುವಕರು ಜಿಲ್ಲೆಯ ರಾಜಕೀಯದಲ್ಲಿ ಮೇಲೆ ಬಂದರು. ಬಳ್ಳಾರಿಯ ರೆಡ್ಡಿ ಸಹೋದರರು, ಅವರ ಒಡನಾಡಿ ಬಿ. ಶ್ರೀರಾಮುಲು ಎಂಬ ಹೆಸರುಗಳನ್ನು ನಾವೆಲ್ಲ ಕೇಳತೊಡಗಿದ್ದು ಆಗಿನಿಂದಲೇ.

ಇನ್ನು ಅದಿರಿನ ವಿಷಯ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಚೀನಾ ದೇಶಕ್ಕೆ ಉಕ್ಕಿನ ಹಸಿವು ಹೆಚ್ಚಿತು. ಬಳ್ಳಾರಿಯ ಕೆಂಪು ಮಣ್ಣಿಗೆ ಬಂಗಾರದ ಬೆಲೆ ಬಂತು. ಟನ್ನಿಗೆ ಹಲವು ಸಾವಿರ ರೂಪಾಯಿಗೆ ಮಾರಾಟವಾಗುತ್ತಿದ್ದ ಅದಿರಿನ ಮೇಲೆ, 2009ರಲ್ಲಿ ಪದ್ಧತಿ ಬದಲಾಗುವವರೆಗೆ, ಸರಕಾರಕ್ಕೆ ಸಲ್ಲುತ್ತಿದ್ದ ರಾಜಧನ ಉತ್ತಮ ದರ್ಜೆಯ ಅದಿರಿಗೂ ಟನ್ನಿಗೆ 27 ರೂಪಾಯಿ ಮಾತ್ರ. ಹತ್ತು ಟನ್ನಿನ ಒಂದು ಲಾರಿ ಊರ ಮುಂದೆ ಹಾದುಹೋದರೆ ಸರಕಾರದ ಬೊಕ್ಕಸಕ್ಕೆ 270 ರೂಪಾಯಿ. ಲಾರಿಯಲ್ಲಿದ್ದ ಮಾಲು ಮಾತ್ರ ಹತ್ತಾರು ಸಾವಿರದ್ದು. ನಡುವಿನ ಹಣ ಎಲ್ಲಿಗೆ ಹೋಯಿತು? ಅದರಲ್ಲಿ ಒಂದು ಪಾಲು ಚುನಾವಣೆಗೆ ಬಂತು. ಕಟ್ಟೆಯ ಯಜಮಾನನ ಜಾಗಕ್ಕೆ ಹಣ ಹಂಚುವ ಏಜೆಂಟ ಬಂದ. ನಡುವಿನವನು ಬದಲಾದ.

2004ರಲ್ಲಿ ಜಿ. ಕರುಣಾಕರ ರೆಡ್ಡಿ ಗೆದ್ದು, ಅರ್ಧ ಶತಮಾನದ ಕಾಂಗ್ರೆಸ್ ಕೋಟೆ ಬಿತ್ತು. 2008ರಲ್ಲಿ ಜಿಲ್ಲೆಯ ಬಹುತೇಕ ವಿಧಾನಸಭಾ ಸ್ಥಾನಗಳು ಬಿ.ಜೆ.ಪಿ.ಗೆ ಹೋದವು, ಬಳ್ಳಾರಿಯ ಮೂವರು, ಅಂದರೆ ಜನಾರ್ದನ ರೆಡ್ಡಿ, ಕರುಣಾಕರ ರೆಡ್ಡಿ, ಶ್ರೀರಾಮುಲು, ರಾಜ್ಯದ ಮಂತ್ರಿಗಳಾದರು. 2009ರಲ್ಲಿ ಲೋಕಸಭಾ ಸ್ಥಾನ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಶ್ರೀರಾಮುಲು ಅವರ ಸೋದರಿ ಜೆ. ಶಾಂತಾ ಗೆದ್ದರು. ಎಷ್ಟು ಮತದಿಂದ? 2,243. ಈ ಸಂಖ್ಯೆಯನ್ನು ದಯವಿಟ್ಟು ನೆನಪಿಡಿ. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಒಂದೊಂದಕ್ಕೆ 280. ಒಂದು ಮಧ್ಯಮ ಹಳ್ಳಿಯಿಂದ ಗುಳೆ ಹೋದವರ ಸಂಖ್ಯೆಯೇ ಇದಕ್ಕಿಂತ ಹೆಚ್ಚಾಗಿರಬಹುದು. ಊರು ಬಿಟ್ಟವನ ಮತ ಲೆಕ್ಕಕ್ಕಿಲ್ಲ ಎನ್ನುವವರು ಈ ಅಂಕಿಯನ್ನು ನೋಡಬೇಕು.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬ ಗಾದೆ ಉಂಟಲ್ಲ, ಅದಿರೂ ಹಾಗೆಯೇ. ಗುಡ್ಡದಲ್ಲಿ ಗುಟ್ಟಾಗಿ ಅಗೆದರೂ ಬಂದರಿಗೆ ಹೋಗಲು ರಸ್ತೆಗೆ ಬರಲೇಬೇಕು. ರಸ್ತೆಯಲ್ಲಿ ಅದು ಎಲ್ಲರ ಕಣ್ಣಿಗೂ ಬಿತ್ತು. ಧಾರವಾಡದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. 2010ರಲ್ಲಿ ಉತ್ತರ ಕನ್ನಡದ ಬೇಲೆಕೇರಿ ಬಂದರಿನಲ್ಲಿ ಸುಮಾರು 8 ಲಕ್ಷ ಟನ್ ಅದಿರನ್ನು ಅಧಿಕಾರಿಗಳು ವಶಪಡಿಸಿಕೊಂಡರು. ಅದರ ಬಹುಪಾಲು ಬಂದರಿನಿಂದಲೇ ಕಾಣೆಯಾಯಿತು. ಅದೇ ವರ್ಷ ಜುಲೈ-ಆಗಸ್ಟಿನಲ್ಲಿ ಆಗಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯನವರ ಮುಂದಾಳುತನದಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ನಡೆಯಿತು. 2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ಎರಡನೆಯ ವರದಿ ಬಂತು. ಸರಕಾರಕ್ಕೆ ಆದ ನಷ್ಟವನ್ನು ಅದು 16 ಸಾವಿರ ಕೋಟಿ ರೂಪಾಯಿಗೂ ಮೇಲೆ ಅಂದಾಜು ಮಾಡಿತು. ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಸೆಪ್ಟೆಂಬರಿನಲ್ಲಿ ಜನಾರ್ದನ ರೆಡ್ಡಿಯವರ ಬಂಧನವಾಯಿತು. ಒಂದು ಮಾತು ನ್ಯಾಯವಾಗಿ ಹೇಳಬೇಕು: ಲೋಕಾಯುಕ್ತರ ಎರಡು ವರದಿಗಳಲ್ಲಿ ಬಂದ ಹೆಸರುಗಳು ಒಂದೇ ಪಕ್ಷದವರವಲ್ಲ. ಅದಿರಿಗೆ ಪಕ್ಷಭೇದವಿರಲಿಲ್ಲ.

2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಪೇಪರಿನಲ್ಲಿ ಓದಿ ನಾವು ಭೇಷ್ ಎಂದೆವು, ಎನ್ನಬೇಕಾದದ್ದೇ. ಆದರೆ ಅಂದು ಸಂಜೆ ಗಣಿಯ ಗೇಟಿನಿಂದ ಬರಿಗೈಯಲ್ಲಿ ಹೊರಬಿದ್ದವನು ಗಣಿಯ ಒಡೆಯನಲ್ಲ. ಅದಿರನ್ನು ಸುತ್ತಿಗೆಯಿಂದ ಒಡೆದು ಬುಟ್ಟಿಯಲ್ಲಿ ಹೊತ್ತ ಹೆಂಗಸು, ಲಾರಿಯ ಕ್ಲೀನರ್ ಹುಡುಗ, ಸಾಲ ಮಾಡಿ ಒಂದೇ ಒಂದು ಲಾರಿ ಕೊಂಡಿದ್ದ ಚಿಕ್ಕ ಮಾಲೀಕ, ರಸ್ತೆ ಬದಿಯ ಚಹದಂಗಡಿಯವನು: ಹೊರಬಿದ್ದವರು ಇವರು. ಯಂತ್ರಗಳು ಬಂದಾಗಲೇ ಕೈಗೂಲಿಯ ಅರ್ಧ ಕೆಲಸ ಹೋಗಿತ್ತು. ಉಳಿದದ್ದು ಈಗ ಹೋಯಿತು. ತುಂಡು ಹೊಲವನ್ನು ಅದಿರಿಗಾಗಿ ಅಗೆಯಲು ಕೊಟ್ಟ ರೈತನಿಗೆ ಹಣವೂ ಕರಗಿತು, ಉಳುವ ಮಣ್ಣೂ ಹೋಯಿತು. ಕಳವು ಮಾಡಿದವರು ಬೇರೆ, ಶಿಕ್ಷೆ ಉಂಡವರು ಬೇರೆ. 2013ರ ಏಪ್ರಿಲಿನಲ್ಲಿ ಕೋರ್ಟು ಅತಿ ಹೆಚ್ಚು ತಪ್ಪೆಸಗಿದ ಗಣಿಗಳ ಗುತ್ತಿಗೆ ರದ್ದುಮಾಡಿ, ಉಳಿದವಕ್ಕೆ ನಿಬಂಧನೆಗಳೊಡನೆ ಅನುಮತಿ ಕೊಟ್ಟಿತು. ಬಳ್ಳಾರಿಯಿಂದ ವರ್ಷಕ್ಕೆ ಎರಡೂವರೆ ಕೋಟಿ ಟನ್ನಿಗಿಂತ ಹೆಚ್ಚು ತೆಗೆಯಬಾರದೆಂದು ಮಿತಿ ಹಾಕಿತು. 2022ರಲ್ಲಿ ಅದನ್ನು ಮೂರೂವರೆ ಕೋಟಿಗೆ ಏರಿಸಿತು.

ಇಷ್ಟೆಲ್ಲ ಆದಮೇಲೆ ಬಳ್ಳಾರಿಯ ಮತದಾರ ಏನು ಮಾಡಿದ? 2014ರಲ್ಲಿ ಶ್ರೀರಾಮುಲು ಅವರನ್ನು 85 ಸಾವಿರ ಮತಗಳ ಅಂತರದಿಂದ ಗೆಲ್ಲಿಸಿದ. ಅವರು ವಿಧಾನಸಭೆಗೆ ಹೋದಮೇಲೆ 2018ರ ನವೆಂಬರಿನ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪನವರನ್ನು 2,43,161 ಮತಗಳಿಂದ ಗೆಲ್ಲಿಸಿದ. ಆರು ತಿಂಗಳು ಕಳೆದಿತ್ತೋ ಇಲ್ಲವೋ, 2019ರಲ್ಲಿ ಅದೇ ಉಗ್ರಪ್ಪನವರನ್ನು 55,707 ಮತಗಳಿಂದ ಸೋಲಿಸಿ ಬಿ.ಜೆ.ಪಿ.ಯ ವೈ. ದೇವೇಂದ್ರಪ್ಪನವರನ್ನು ಕಳಿಸಿದ. 2024ರಲ್ಲಿ ಶ್ರೀರಾಮುಲು ಅವರನ್ನು 98,992 ಮತಗಳಿಂದ ಸೋಲಿಸಿ ಸಂಡೂರಿನ ಶಾಸಕ ಇ. ತುಕಾರಾಂ ಅವರನ್ನು ಆರಿಸಿದ. ತೆರವಾದ ಸಂಡೂರಿನಲ್ಲಿ ಅದೇ ವರ್ಷದ ನವೆಂಬರಿನಲ್ಲಿ ಗೆದ್ದವರು ತುಕಾರಾಂ ಅವರ ಪತ್ನಿ ಅನ್ನಪೂರ್ಣ.

ಇದರಿಂದ ನಾನು ಎರಡು ಸಂಗತಿ ತಿಳಿಯುತ್ತೇನೆ. ಮೊದಲನೆಯದು ಸಮಾಧಾನದ್ದು. ಹಣ ಹಂಚಿದವನಿಗೆ ಮತ ಸಗಟಾಗಿ ಸಿಗುತ್ತದೆ ಎಂಬುದು ಸುಳ್ಳು. ಆರು ತಿಂಗಳಲ್ಲಿ ಮೂರು ಲಕ್ಷದಷ್ಟು ಅಂತರ ಆ ಕಡೆಯಿಂದ ಈ ಕಡೆಗೆ ಬರಬೇಕಾದರೆ ಜನ ತಮ್ಮ ಬುದ್ಧಿಯಿಂದಲೇ ಮತ ಹಾಕಿರಬೇಕು. ಎರಡನೆಯದು ಚಿಂತೆಯದು. ಆಳನ್ನು ಬದಲಾಯಿಸುವ ಶಕ್ತಿ ಜನರಿಗೆ ಬಂದಿದೆ. ಆದರೆ ಆಯ್ಕೆಯಾಗುವವರ ಬಳಗ ಸಣ್ಣದು. ಈ ಪಕ್ಷದಲ್ಲಿ ಅಣ್ಣನ ನಂತರ ತಂಗಿ, ಆ ಪಕ್ಷದಲ್ಲಿ ಪತಿಯ ನಂತರ ಪತ್ನಿ. ಬಾಗಿಲು ತೆರೆದಿದೆ; ಒಳಗೆ ಬರುವವರು ಮಾತ್ರ ಅದೇ ನಾಲ್ಕಾರು ಮನೆಯವರು. ಸಾವಿರಾರು ಹಳ್ಳಿಗಾಡಿನ ಮನೆಗಳಿಗೆ ಮುಟ್ಟಬಲ್ಲ ಹಣ ಬೇರೆಯವರಲ್ಲಿ ಇಲ್ಲದಿರುವುದೇ ಅದಕ್ಕೆ ಕಾರಣ.

ಹಾಗಾದರೆ ಮತದಾರ ಏನು ಕೇಳಬೇಕು? ನೋಟಿನ ವಿಷಯವನ್ನು ಮೊದಲು ಮುಗಿಸೋಣ. ಒಂದು ಮತಕ್ಕೆ ಸಾವಿರ ರೂಪಾಯಿ ಕೊಟ್ಟನೆಂದೇ ಇಟ್ಟುಕೊಳ್ಳಿ. ಐದು ವರ್ಷಕ್ಕೆ 1,825 ದಿನ. ದಿನಕ್ಕೆ 55 ಪೈಸೆ ಬಿತ್ತು. ಪುಣೆಯಲ್ಲಿ ಆ ದುಡ್ಡಿಗೆ ಚಹದ ಒಂದು ಗುಟುಕೂ ಬಾರದು. ಕೊಡುವುದೂ ತೆಗೆದುಕೊಳ್ಳುವುದೂ ಎರಡೂ ಕಾನೂನಿನಂತೆ ಅಪರಾಧ ಎಂಬುದು ಬೇರೆ ಮಾತು. ವ್ಯಾಪಾರವಾಗಿ ನೋಡಿದರೂ ಇದು ದಿವಾಳಿಯ ವ್ಯಾಪಾರ.

ಕೇಳಬೇಕಾದದ್ದು ಬೇರೆ ಇದೆ. 2015ರಲ್ಲಿ ಗಣಿ ಕಾನೂನಿಗೆ ತಿದ್ದುಪಡಿಯಾಗಿ, ಗಣಿ ಇರುವ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಎಂಬುದು ಹುಟ್ಟಿತು. ಹಳೆಯ ಗುತ್ತಿಗೆಯ ಗಣಿಗಳವರು ರಾಜಧನದ ಮೇಲೆ ಅದರ ನೂರಕ್ಕೆ 30ರಷ್ಟನ್ನೂ, ಹರಾಜಿನಲ್ಲಿ ಪಡೆದವರು ನೂರಕ್ಕೆ 10ರಷ್ಟನ್ನೂ ಅದಕ್ಕೆ ಕೊಡಬೇಕು. ಆ ಹಣ ಗಣಿಯಿಂದ ಬಾಧೆಗೊಂಡ ಊರುಗಳ ಕುಡಿಯುವ ನೀರು, ಆಸ್ಪತ್ರೆ, ಶಾಲೆ, ಹೆಂಗಸರು ಮಕ್ಕಳ ಯೋಗಕ್ಷೇಮಕ್ಕೆ ಮೊದಲು ಸಲ್ಲಬೇಕು. ಇದಲ್ಲದೆ ಸುಪ್ರೀಂ ಕೋರ್ಟಿನ ಆಜ್ಞೆಯಂತೆ ಅದಿರಿನ ಮಾರಾಟದಿಂದ ಕೂಡಿಬಂದ ಇನ್ನೊಂದು ದೊಡ್ಡ ನಿಧಿಯುಂಟು. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಪ್ರದೇಶಕ್ಕಾಗಿ 20 ಸಾವಿರ ಕೋಟಿ ರೂಪಾಯಿಗೂ ಮೇಲಣ ಯೋಜನೆಗೆ 2022ರಲ್ಲಿ ಒಪ್ಪಿಗೆ ದೊರೆಯಿತು. ಇದು ಯಾವ ಪಕ್ಷದವರ ದಾನವೂ ಅಲ್ಲ. ಧೂಳು ಕುಡಿದವರಿಗೆ ಬರಬೇಕಾದ ಬಾಕಿ.

ಆದ್ದರಿಂದ ಉಮೇದುವಾರ ಬಂದಾಗ, "ನಮ್ಮ ಕೇರಿಗೆ ಎಷ್ಟು ಕೊಡುತ್ತೀ?" ಎಂದು ಕೇಳುವ ಬದಲು ಮೂರು ಪ್ರಶ್ನೆ ಕೇಳಬೇಕು: ಖನಿಜ ಪ್ರತಿಷ್ಠಾನದಿಂದ ಈ ಪಂಚಾಯಿತಿಗೆ ಯಾವ ವರ್ಷ ಎಷ್ಟು ಬಂತು? ಯಾವ ಕೆಲಸಕ್ಕೆ? ಆ ಕೆಲಸ ಈಗ ಎಲ್ಲಿದೆ? ಪ್ರತಿಷ್ಠಾನ ತನ್ನ ಯೋಜನೆಯನ್ನೂ ಲೆಕ್ಕವನ್ನೂ ಪ್ರಕಟಿಸಬೇಕೆಂಬ ನಿಯಮವಿದೆ. ಪ್ರಕಟಿಸದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಉಂಟು. ಮತ ಹಾಕುವುದು ಒಂದು ದಿನದ ಕೆಲಸ. ಲೆಕ್ಕ ಕೇಳುವುದು ಉಳಿದ 1,824 ದಿನಗಳ ಕೆಲಸ. ಆ ಪ್ರಶ್ನೆ ಕೇಳಲು ಊರಿನಲ್ಲೇ ಇರಬೇಕೆಂದೇನೂ ಇಲ್ಲ. ಇದೇ ವಾಚನಾಲಯದ ಮೇಜಿನ ಮೇಲೆ ಕೂತು ಅರ್ಜಿ ಬರೆಯಬಹುದು. ಬರೆಯಲು ಬಾರದವರಿಗೆ ಬರೆದುಕೊಡಲು ನಮ್ಮಲ್ಲಿ ಗುಮಾಸ್ತರಿದ್ದಾರೆ. ಓದು ಬಂದವನ ಕೈ ಬಾರದವನಿಗೆ ಆಸರೆಯಾಗಲೆಂದೇ ವಾಚನಾಲಯಗಳು ಹುಟ್ಟಿರುವುದು.

ಕೊನೆಯದಾಗಿ, ನಮ್ಮ ಮತ. 2024ರಲ್ಲಿ ಬಳ್ಳಾರಿ, ಕಲಬುರ್ಗಿ, ವಿಜಯಪುರಗಳಲ್ಲಿ ಮತದಾನ ಮೇ 7ಕ್ಕೆ. ಪುಣೆಯಲ್ಲಿ ಮೇ 13ಕ್ಕೆ. ನಡುವೆ ಆರು ದಿನ. ಎರಡೂ ಕಡೆ ಹೆಸರಿದ್ದರೆ ಎರಡೂ ಕಡೆ ಹಾಕಬಹುದಲ್ಲ ಎಂದು ಯಾರಿಗಾದರೂ ತೋರಬಹುದು. ಬೇಡ. ಒಬ್ಬನ ಹೆಸರು ಒಂದೇ ಕ್ಷೇತ್ರದ ಪಟ್ಟಿಯಲ್ಲಿ ಇರಬೇಕೆಂದು 1950ರ ಪ್ರಜಾಪ್ರಾತಿನಿಧ್ಯ ಕಾಯಿದೆ ಹೇಳುತ್ತದೆ. ಸುಳ್ಳು ಹೇಳಿಕೆ ಕೊಟ್ಟರೆ ಒಂದು ವರ್ಷದವರೆಗೆ ಸಜೆಯಾಗಬಹುದು. ಹಾಗಾದರೆ ಆ ಒಂದು ಹೆಸರು ಎಲ್ಲಿರಬೇಕು? ಸಾಮಾನ್ಯವಾಗಿ ಎಲ್ಲಿ ವಾಸವೋ ಅಲ್ಲಿ. ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ವಾಸ ತಪ್ಪುವುದಿಲ್ಲ ಎಂದೂ ಅದೇ ಕಾಯಿದೆ ಹೇಳಿದೆ. ನನ್ನ ತಿಳುವಳಿಕೆ ಇಷ್ಟು: ಸುಗ್ಗಿ ಮುಗಿಸಿ ಬಂದು, ಮುಂಗಾರಿಗೆ ಬಿತ್ತಲು ಹಿಂದಿರುಗುವ ಕೂಲಿಯ ಅಣ್ಣ, ಹೆಂಡಿರು ಮಕ್ಕಳು ಊರಲ್ಲೇ ಇರುವವನು, ತನ್ನ ಹೆಸರನ್ನು ಅಲ್ಲಿಯೇ ಇಟ್ಟುಕೊಳ್ಳಲಿ. ಹತ್ತು ವರ್ಷದಿಂದ ಇಲ್ಲೇ ಬಾಡಿಗೆ ಮನೆ, ಇಲ್ಲೇ ರೇಷನ್ ಕಾರ್ಡು, ಮಕ್ಕಳು ಇಲ್ಲಿಯ ಶಾಲೆಯಲ್ಲಿ ಎನ್ನುವವರು ನಮೂನೆ 8 ತುಂಬಿ ಹೆಸರನ್ನು ಪುಣೆಗೆ ತರಿಸಿಕೊಳ್ಳಲಿ. ನಿಮ್ಮ ನಲ್ಲಿಗೆ ನೀರು ಬಿಡುವವರನ್ನು ಆರಿಸುವ ಹಕ್ಕು ನಿಮಗೆ ಬೇಡವೇ? ಕನ್ನಡದವರು ಎಂಬ ಕಾರಣಕ್ಕೆ ಯಾರೂ ಅದನ್ನು ತಡೆಯುವಂತಿಲ್ಲ.

ಎಲ್ಲೂ ವಿಚಾರಿಸದೆ ಸುಮ್ಮನಿರುವುದೇ ಎಲ್ಲಕ್ಕಿಂತ ಅಪಾಯ. 2025ರಲ್ಲಿ ಬಿಹಾರದ ಪಟ್ಟಿಯನ್ನು ಹೊಸದಾಗಿ ಪರಿಷ್ಕರಿಸಿದಾಗ ಕರಡಿನಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದವು. ಬೇರೆಡೆಗೆ ಹೋದವರು, ಸಿಕ್ಕದವರು ಎಂಬ ಗುಂಪೇ ಅದರಲ್ಲಿ ದೊಡ್ಡದು. ದುಡಿಯಲು ಹೋದವನ ಮನೆಗೆ ಬೀಗ ಬಿದ್ದಿರುವುದು ಸಹಜ. ಬೀಗ ಕಂಡವನು ಹೆಸರು ಹೊಡೆದು ಹಾಕುವುದೂ ಸುಲಭ. ದೂರದಿಂದಲೇ ಮತ ಹಾಕುವ ಯಂತ್ರವೊಂದನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳಿಗೆ ತೋರಿಸಹೊರಟಿತು, ಪಕ್ಷಗಳು ಒಪ್ಪಲಿಲ್ಲ, 2024ರ ಚುನಾವಣೆಗೆ ಅದು ಬರಲಿಲ್ಲ. ಆದ್ದರಿಂದ ಬಸ್ಸು ಹತ್ತಲೇಬೇಕು. ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂಬ ಕಾನೂನು ದಿನಗೂಲಿಯವರಿಗೂ ಅನ್ವಯಿಸುತ್ತದೆ. ಮೇಸ್ತ್ರಿ ಇಲ್ಲವೆಂದರೆ ವಿನಯದಿಂದ ಇದನ್ನು ತಿಳಿಸಿ. ಬಸ್ಸಿನ ಚಾರ್ಜು ಮಾತ್ರ ನಮ್ಮ ಜೇಬಿನದೇ ಆಗಿರಲಿ. ಉಮೇದುವಾರನ ಕಡೆಯವರು ವಾಹನ ಮಾಡಿ ಮತದಾರರನ್ನು ಬಿಟ್ಟಿಯಾಗಿ ಮತಗಟ್ಟೆಗೆ ಸಾಗಿಸುವುದು ಕಾನೂನಿನ ಕಣ್ಣಿಗೆ ಭ್ರಷ್ಟಾಚಾರ. ಅವರ ಬಸ್ಸಿನಲ್ಲಿ ಹೋದವನು ಆಮೇಲೆ ಅವರಲ್ಲಿ ಲೆಕ್ಕ ಕೇಳುವ ಬಾಯಿಯನ್ನೂ ಕಳೆದುಕೊಳ್ಳುತ್ತಾನೆ.

ಬಳ್ಳಾರಿಯ ಗುಡ್ಡದಿಂದ ಹೋದ ಮಣ್ಣು ತಿರುಗಿ ಬರುವುದಿಲ್ಲ. ಅದರ ಬೆಲೆಯಾದರೂ ಊರಿಗೆ ಬರಬೇಕು. ಅದು ಬಂದಿದ್ದರೆ ಆ ಸೀಮೆಯ ಎಷ್ಟೋ ಮಂದಿ ಪರಊರಿನ ಅಡ್ಡೆಯಲ್ಲಿ ಬೆಳಗಿನ ಕೂಲಿಗೆ ನಿಲ್ಲುವ ಪ್ರಸಂಗ ಬರುತ್ತಿರಲಿಲ್ಲ. ನಿಮ್ಮ ನಿಮ್ಮ ಜಿಲ್ಲೆಯಲ್ಲಿ ಗಣಿ ಇಲ್ಲದಿರಬಹುದು. ಕಾಲುವೆ ಇದೆ, ಕಲ್ಲು ಕ್ವಾರಿ ಇದೆ, ಮರಳಿದೆ, ಉದ್ಯೋಗ ಖಾತ್ರಿಯ ಹಣವಿದೆ. ಎಲ್ಲಕ್ಕೂ ಲೆಕ್ಕವಿದೆ.

ವಾಚನಾಲಯದವರಲ್ಲಿ ಒಂದೇ ವಿನಂತಿ. ಮುಂದಿನ ತಿಂಗಳಿಂದ ಭಾನುವಾರಗಳಂದು ಒಂದು ತಾಸು, ಸದಸ್ಯರ ಹೆಸರು ಮತದಾರರ ಪಟ್ಟಿಯಲ್ಲಿ ಎಲ್ಲಿದೆ ಎಂದು ನೋಡಿಕೊಡುವ, ಬೇಕಾದವರಿಗೆ ನಮೂನೆ ತುಂಬಿಕೊಡುವ ಏರ್ಪಾಡು ಆಗಲಿ. ಕೈಗೂಡಿಸಲು ನಾನೂ ಸಿದ್ಧ.